ಮೂರಡಿ ಎತ್ತರದ ಉಸಿರು

ಗೋಡೆ ಮತ್ತೆ ಬೆಳೆದಿತ್ತು. ಒಂದು ತಿಂಗಳಲ್ಲಿ ನಾಲ್ಕು ಮಿಲಿಮೀಟರ್. ತಂಗಿ ಸ್ಕ್ಯಾನರ್ ಒರೆಸಿ ಇನ್ನೊಮ್ಮೆ ಅಳೆದಳು. ಅದೇ ನಾಲ್ಕು.

ಅಕ್ಕ-ಭಾವನ ಮಗುವಿನ ಈ ಕೋಣೆಗೆ ಬೀಗ ಬಿದ್ದು ವರ್ಷವಾಗುತ್ತ ಬಂದಿತ್ತು. ಗೋಡೆಯ ನಕ್ಷೆ ಬರೆದವರು ಭಾವ. ಅದನ್ನು ಪದರಪದರವಾಗಿ ಮುದ್ರಿಸಿದ್ದು ತಂಗಿಯ ಯಂತ್ರ. ಗಾರೆಯೊಳಗಿನ ಸೂಕ್ಷ್ಮಜೀವಿಗಳ ವಂಶವಾಹಿ ತಿದ್ದಿದವಳು ಅಕ್ಕ: ಮನುಷ್ಯರ ಉಸಿರು ತೀರಾ ಹತ್ತಿರದಿಂದ ತಾಗಿದರೆ ಮಾತ್ರ ಅವು ಎಚ್ಚೆತ್ತು ಸುಣ್ಣ ಕಟ್ಟುತ್ತವೆ. ಮಗಳ ಜೊತೆ ಗೋಡೆಯೂ ಬೆಳೆಯಲಿ ಎಂದು ಮೂವರೂ ನಕ್ಕಿದ್ದರು.

ಮಗಳ ಆಯಸ್ಸು ಐದಕ್ಕೇ ನಿಂತಿತು.

"ಬೆಳೆದಿದೆ ತಾನೇ?" ಅಕ್ಕ ಹೊಸ್ತಿಲಾಚೆ ನಿಂತೇ ಕೇಳಿದಳು. ತನ್ನ ಉಸಿರು ಬೆರೆತರೆ ಅಳತೆ ಕೆಡುತ್ತದೆಂದು ಅವಳು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. "ನೆಲದಿಂದ ಮೂರಡಿ. ಪುಟ್ಟಿ ಬಾಯಿ ಎಲ್ಲಿತ್ತೋ ಅಲ್ಲೇ. ನನ್ನ ಜೀವಿಗಳಿಗೆ ಸುಳ್ಳು ಹೇಳೋಕೆ ಬರಲ್ಲ ಕಣೇ."

ತಂಗಿ ಗೋಡೆಯತ್ತ ತಿರುಗಿದಳು. ಮೂರಡಿಯಲ್ಲೇ ಉಬ್ಬು. ಅದಕ್ಕಿಂತ ತುಸು ಮೇಲೆ ಅಂಗೈಯಗಲ ಜಾಗ ಮಾತ್ರ ಬೆಳೆಯದೆ ನುಣುಪಾದ ಕುಳಿಯಾಗಿತ್ತು. ಏಕೆಂದು ಹೊಳೆಯಲಿಲ್ಲ.

ಮೊದಲೇ ಮಾತಾಗಿತ್ತು. ಈ ಸಲ ಬೆಳೆದಿರದಿದ್ದರೆ ಗೋಡೆ ಕಡಿಯುವುದು, ಮನೆ ಬಿಡುವುದು, ಅಕ್ಕ ಮತ್ತೆ ಕೆಲಸಕ್ಕೆ ಹೋಗುವುದು. ಬೆಳೆದಿದ್ದರೆ ಆ ಹೊಸ್ತಿಲೇ ಅವಳ ಪಾಲಿನ ಜಗತ್ತು.

ಭಾವ ಕೆಲಸದ ಬಟ್ಟೆಯಲ್ಲೇ ಒಳಬಂದರು. "ತೇವ ಅದು, ಬರೀ ತೇವ. ಅಷ್ಟು ಓದಿದವಳು ದೆವ್ವ ಸಾಕ್ತಿದ್ದಾಳೆ ನೋಡು. ಇವತ್ತೇ ಕಡಿದುಹಾಕಮ್ಮ."

"ಹಣೆ ತುಂಬ ಸುಣ್ಣ, ಭಾವ."

"ನಮ್ಮ ಕಸುಬಿನ ಹಣೆಬರಹ." ತೋಳಿನಿಂದ ಒರೆಸಿಕೊಂಡರು.

ಅಕ್ಕನ ಮಣಿಕಟ್ಟಿನಲ್ಲಿ ಎಲುಬು ಎದ್ದು ಕಾಣುತ್ತಿತ್ತು. ತಂಗಿ ಸ್ಕ್ಯಾನರಿನ ಪರದೆ ಆರಿಸಿದಳು.

"ಸೊನ್ನೆ, ಅಕ್ಕಾ. ಹಿಂದೆಲ್ಲ ನಾನೇ ತಪ್ಪು ಅಳೆದಿದ್ದೆ."

ಅಕ್ಕ ಅವಳ ಮುಖ ನೋಡಿದಳು. "ಹಾಗಾದ್ರೆ ಕಡಿ," ಅಂದು, ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.

ತಂಗಿ ಯಂತ್ರದ ತೋಳಿಗೆ ಅಲಗು ಸಿಕ್ಕಿಸಿ ಚಾಲೂ ಮಾಡಿದಳು. ಅಲಗು ತಿರುಗುತ್ತ ಉಬ್ಬಿನತ್ತ ಸರಿಯಿತು.

"ತಡಿ," ಎಂದರು ಭಾವ. "ಒಂದೇ ನಿಮಿಷ."

ತಂಗಿ ಅಲಗು ನಿಲ್ಲಿಸಿದಳು. ಭಾವ ಗೋಡೆಯೆದುರು ಬಾಯಿ ಉಬ್ಬಿಗೆ ಸಮವಾಗುವಂತೆ ಮಂಡಿಯೂರಿ ಬಾಗಿದರು. ಹಣೆ ಆ ಕುಳಿಯೊಳಗೆ ಕೂದಲೆಳೆಯಷ್ಟೂ ಸಂದಿಲ್ಲದಂತೆ ಹೋಗಿ ಕೂತಿತು.