ಎರಡು ನಿಮಿಷದ ಶಿಕ್ಷೆ

ಎಲೈಜಾ ಮತ್ತೆ ಅತ್ತಲೇ ನೋಡುತ್ತಿದ್ದ. ಐಸ್ ಹಾಕಿಯ ಕರಿ ರಬ್ಬರಿನ ಪಕ್ ಅವನ ಕಾಲಸಂದಿಯಿಂದ ಗೋಲಿನೊಳಗೆ ನುಸುಳಿದ್ದೂ ಅವನಿಗೆ ಗೊತ್ತಾಗಲಿಲ್ಲ. ಗೋಲ್‌ಕೀಪರ್ ಅವನು, ಪಕ್ ಮೇಲೆ ಕಣ್ಣಿಡಬೇಕು. ಅವನ ಕಣ್ಣು ಮಾತ್ರ ಮಂಜುಗಡ್ಡೆಯ ರಿಂಕಿನಾಚೆಯ ಗಾಜಿನ ಗೂಡಿನ ಮೇಲೆ. ಆಟದಲ್ಲಿ ತಪ್ಪು ಮಾಡಿದವರು ಎರಡು ನಿಮಿಷ ಹೋಗಿ ಕೂರಬೇಕಾದ ಗೂಡು ಅದು. ಈಗ ಅಲ್ಲಿ ಯಾರೂ ಇರಲಿಲ್ಲ.

ಶಾಲು ಹೊದ್ದು ಗ್ಯಾಲರಿಯಲ್ಲಿ ಕೂತಿದ್ದ ಅವನ ತಾಯಿ ಫ್ರೀಡಾ ಅವನ ಕಣ್ಣು ಹೋದತ್ತ ನೋಡಿದಳು. ಗೂಡು ಖಾಲಿಯೆಂದು ಅವಳಿಗೆ ಗೊತ್ತು. ಮಗನಿಗೆ ಗೊತ್ತಿಲ್ಲ.

ನವೆಂಬರಿನಲ್ಲಿ, ಜೂನಿಯರ್ ಲೀಗಿನ ಮೊದಲ ಪಂದ್ಯದ ದಿನವೇ ಹೇಳಿದ್ದ: "ಮೊಯ್ದಿನ್ ಕಾಕ ಅಲ್ಲಿ ಕೂತಿದ್ದಾರೆ ಮಮ್ಮಿ. ಖುಬೂಸಿನ ಚೀಲ ಮಡಿಲಲ್ಲಿ ಇಟ್ಕೊಂಡು ನನ್ನನ್ನೇ ನೋಡ್ತಾರೆ." ಅವತ್ತು ಹನ್ನೊಂದು ಗೋಲು ಬಿಟ್ಟುಕೊಟ್ಟ.

ಮೊಯ್ದಿನ್ ಕುಂಞಿ ಸತ್ತು ಆಗ ತಿಂಗಳಾಗಿತ್ತು. ದೋಹಾದ ಅಲ್ ಹಿಲಾಲಿನ ಅವರ ಓಣಿಯಲ್ಲಿ ಬೆಳಿಗ್ಗೆ ಸೈಕಲ್ಲಿನಲ್ಲಿ ಮನೆಮನೆಗೆ ಖುಬೂಸು ರೊಟ್ಟಿ ತಂದುಕೊಡುತ್ತಿದ್ದವನು. ಗೇಟಿನ ಹತ್ತಿರ ಮೂರು ಸಲ ಬೆಲ್ಲು ಹೊಡೆದು, "ಎಲೈಜಾ, ಬಿಸಿ ಉಂಟು" ಎನ್ನುತ್ತಿದ್ದವನು. ಅಕ್ಟೋಬರಿನ ಒಂದು ಶುಕ್ರವಾರ, ಮುಂಜಾನೆಯ ಪ್ರಾಕ್ಟೀಸು ಮುಗಿಸಿ ಅಪ್ಪ ಮಗ ವಾಪಸು ಬರುವಾಗ, ಮನೆ ಇನ್ನು ನೂರು ಹೆಜ್ಜೆ ಇದೆ ಎನ್ನುವಲ್ಲಿ, ಅವರ ಕಾರು ಮೊಯ್ದಿನ್ ಮೇಲೆ ಹೋಯಿತು. ಖಾಲಿ ಓಣಿ, ಚೆನ್ನಾಗಿ ಬೆಳಕು ಹರಿದಿತ್ತು. ದೋಹಾದಲ್ಲಿ ಹದಿನೆಂಟು ವರ್ಷ ಗಾಡಿ ಓಡಿಸಿ ಒಂದು ಗೀರೂ ಬೀಳಿಸದ ಫ್ರೀಡಾಳ ಗಂಡ ಕೆನೆತ್, ಪೊಲೀಸರ ಮುಂದೆ ಒಂದೇ ಮಾತಿನಲ್ಲಿ ತಪ್ಪೊಪ್ಪಿಕೊಂಡ. ಒಂದು ವರ್ಷ ಜೈಲಾಯಿತು.

ಪೊಲೀಸರು ಎಳೆದೊಯ್ದು ನಿಲ್ಲಿಸಿದ್ದ ಕಾರನ್ನು ಬಿಡಿಸಿಕೊಂಡು ಬಂದವಳು ಫ್ರೀಡಾ. ಕೂತವಳೇ ಕೀಲಿ ತಿರುಗಿಸಿ ಹೊರಟಿದ್ದಳು. ಬಿರುಕುಬಿಟ್ಟ ಗಾಜು, ಅದರಾಚೆಗೆ ರಸ್ತೆ, ದಾರಿಯುದ್ದಕ್ಕೂ ಅಳು.

ಜೈಲಿನಿಂದ ವಾರಕ್ಕೊಂದು ಫೋನು ಬರುತ್ತಿತ್ತು. ಸತ್ತವನ ಬಗ್ಗೆ ಒಂದು ಮಾತಿಲ್ಲ. ನೀನು ಹೇಗಿದ್ದಿ ಎಂದೂ ಇಲ್ಲ.

"ಅವ ಆಡ್ತಾ ಇದ್ದಾನಲ್ಲ ಫ್ರೀಡಾ? ಏನೇ ಆಗ್ಲಿ, ಗೋಲ್ ಬಿಟ್ಟು ಹೊರಗೆ ಬರ್ಲಿಕ್ಕೆ ಬಿಡ್ಬೇಡ."

"ಎಂಥ ಕಲ್ಲು ಮನಸ್ಸು ನಿಮ್ದು! ನೀವು ಮಾಡಿದ ಪಾಪ ಮಗನ ಕಣ್ಣಿಗೆ ಬೀಳ್ತಾ ಉಂಟು, ನಿಮಗೆ ಆಟದ ಚಿಂತೆ."

"ಪಾಪ ನಂದೇ. ಅವ ಆಡ್ಲಿ."

ಪ್ರೀತಿಸಿ ಮದುವೆಯಾದ ಗಂಡ. ಇಷ್ಟು ವರ್ಷದಲ್ಲಿ ಅವರ ನಡುವೆ ಜಗಳವೆಂದರೆ ಆ ಕಾರಿನದ್ದೊಂದೇ. ಆರಡಿಯ ಕೆನೆತ್ ಸೀಟನ್ನು ಹಿಂದಕ್ಕೆ ದೂಡಿ ಓಡಿಸುವನು. ಗಿಡ್ಡ ಫ್ರೀಡಾ ಪ್ರತಿಸಲವೂ ಬೈದುಕೊಂಡು ಗೇಣುದ್ದ ಮುಂದಕ್ಕೆ ಎಳೆಯಬೇಕು. ಈಗ ಜಗಳವಾಡಲೂ ಮನೆಯಲ್ಲಿ ಜನ ಇಲ್ಲ. ಬೆಳಿಗ್ಗೆ ಓಣಿಯಲ್ಲಿ ಯಾರದೋ ಸೈಕಲ್ ಬೆಲ್ಲು ಕೇಳಿದರೆ ತಾಯಿ ಮಗ ಇಬ್ಬರೂ ತಟ್ಟೆಯ ಮುಂದೆ ಹಾಗೇ ಕೂತುಬಿಡುವರು.

ಸಾಕಾಗಿ ಹೋಯಿತು ಅವಳಿಗೆ. ಕಳೆದ ವಾರ ಫೋನಿನಲ್ಲಿ ಹೇಳಿಬಿಟ್ಟಳು: "ಖಲಾಸ್. ಸೀಸನ್ ಮುಗಿದ ಮರುದಿನ ನಾನೂ ಮಗನೂ ಊರಿಗೆ. ಹೊರಗೆ ಬಂದ್ಮೇಲೆ ನಮ್ಮನ್ನು ಹುಡುಕ್ಲಿಕ್ಕೆ ಬರ್ಬೇಡಿ."

ಕೆನೆತ್ ಇಲ್ಲವೆನ್ನಲಿಲ್ಲ. ಇವತ್ತು ಕೊನೆಯ ಪಂದ್ಯ, ನಾಳೆ ಮಂಗಳೂರಿನ ವಿಮಾನ. ಬೆಳಿಗ್ಗೆ ಎದೆಕವಚದ ಪಟ್ಟಿ ಬಿಗಿಯುವಾಗ ಎಲೈಜಾನ ಕಣ್ಣು ಅವಳ ಕಣ್ಣಿಗೆ ಸರಿಸಮವಾಗಿತ್ತು. ಹದಿನೈದಕ್ಕೇ ಅಮ್ಮನಷ್ಟು ಎತ್ತರವಾಗಿದ್ದ. "ಡ್ಯಾಡಿಯನ್ನು ಬಿಟ್ಟು ಹೋಗುದಾ?" ಎಂದಿದ್ದ. ಅವಳು ಪಟ್ಟಿಯನ್ನು ಇನ್ನಷ್ಟು ಬಿಗಿದಿದ್ದಳು.

ಕೊನೆಯ ಐದು ನಿಮಿಷ. ಎರಡು ಎರಡು ಸಮ. ಎದುರು ತಂಡದ ಹುಡುಗನೊಬ್ಬ ಪಕ್ ಹಿಡಿದು ಒಂಟಿಯಾಗಿ ನುಗ್ಗಿ ಬಂದ. ಎಲೈಜಾನ ಕಣ್ಣು ಮತ್ತೆ ಗೂಡಿನತ್ತ ಹೋಯಿತು. ಬೆಚ್ಚಿ ಸ್ಟಿಕ್ಕು ಅಡ್ಡ ಹಾಕಿದ. ಹುಡುಗ ಮುಗ್ಗರಿಸಿ ಬಿದ್ದ. ಶಿಳ್ಳೆ ಕೂಗಿತು. ರೆಫ್ರಿ ನೇರವಾಗಿ ಎಲೈಜಾನ ಕಡೆಗೇ ಕೈ ತೋರಿಸಿದ: ಎರಡು ನಿಮಿಷ.

ಆದರೆ ತಲೆ ತಗ್ಗಿಸಿ ಗೂಡಿನೊಳಗೆ ಹೋಗಿ ಕೂತವನು ಬೇರೆ ಹುಡುಗ. ಎಲೈಜಾನ ತಂಡದವನೇ, ಗ್ಯಾಲರಿಯಲ್ಲಿ ಫ್ರೀಡಾಳ ಪಕ್ಕ ಕೂತಿದ್ದ ಪಾಸ್ಕಲನ ಮಗ.

"ಅರೇ, ತಪ್ಪು ಮಾಡಿದ್ದು ನಮ್ಮವ. ನಿಮ್ಮ ಹುಡುಗ ಯಾಕೆ ಹೋಗಿ ಕೂತ?"

ಪಾಸ್ಕಲ್ ನಕ್ಕ. "ಇಡೀ ಸೀಸನ್ ನೋಡಿ ಇಷ್ಟೂ ಗೊತ್ತಾಗ್ಲಿಲ್ವಾ ಮಾರಾಯ್ತಿ? ಕೀಪರ್ ಜಾಗ ಬಿಡ್ಲಿಕ್ಕಿಲ್ಲ. ತಪ್ಪು ಅವನದ್ದೇ ಆದ್ರೂ ಶಿಕ್ಷೆಗೆ ಅವನ ಬದ್ಲು ಬೇರೆಯವ ಹೋಗಿ ಕೂತ್ಕೊಳ್ಬೇಕು. ಹುಡುಗರಿಗೆ ಈ ರೂಲ್ ಕಲಿಸಿದ್ದೇ ನಿಮ್ಮ ಕೆನೆತ್."

ಅಷ್ಟರಲ್ಲಿ ಎಲೈಜಾ ಮುಖದ ಜಾಲರಿ ಕಿತ್ತು ಬಿಸಾಡಿದ. ಗೋಲು ಬಿಟ್ಟ. ಕೋಚ್ "ಯಲ್ಲಾ, ಬ್ಯಾಕ್! ಬ್ಯಾಕ್!" ಎಂದು ಅರಚುತ್ತಿದ್ದರೂ ಕೇಳದೆ ರಿಂಕಿನ ನಟ್ಟನಡುವೆ ಜಾರಿಹೋಗಿ, ಗೂಡಿನ ಬಾಗಿಲು ತೆಗೆದು, ಪಾಸ್ಕಲನ ಮಗನನ್ನು ಹೊರಕ್ಕೆ ಕಳಿಸಿ, ತಾನೇ ಕೂತ.

ಫ್ರೀಡಾ ಮೆಟ್ಟಿಲಿಳಿದು ಓಡಿದಳು. ಗೂಡಿನ ಗಾಜು ಬಡಿದಳು. "ಎಂಥ ಮಾಡ್ತಿದ್ದಿ ಪುತಾ? ಎದ್ದು ಬಾ!"

"ಕಾಕ ಎದ್ದು ಹೋದ್ರು ಮಮ್ಮಿ," ಎಂದ ಎಲೈಜಾ. ಎಷ್ಟೋ ತಿಂಗಳ ಮೇಲೆ ಅವನ ದನಿ ನಡುಗಲಿಲ್ಲ. "ನನಗೆ ಜಾಗ ಬಿಟ್ಟುಕೊಟ್ರು. ಇನ್ನು ನನ್ನ ಬದ್ಲು ಡ್ಯಾಡಿ ಜೈಲಲ್ಲಿ ಕೂತ್ಕೊಳ್ಳುದು ಬೇಡ."

ಪೊಲೀಸರಿಂದ ಕಾರು ತಂದ ದಿನ ಸೀಟನ್ನು ಮುಂದಕ್ಕೆ ಎಳೆಯಬೇಕಾಗಿ ಬಂದೇ ಇರಲಿಲ್ಲವೆಂದು ಫ್ರೀಡಾಳಿಗೆ ಆಗ ನೆನಪಾಯಿತು.