ಕಪ್ಪು ಚುಕ್ಕೆ ಇಟ್ಟ ಮೇಲೆ

ಜಿಂಗ್ ಮೇಷ್ಟ್ರು ಕನ್ನಡಿಗೆ ಬಾಗಿ ಮೂಗಿನ ಪಕ್ಕ ಕಪ್ಪು ಚುಕ್ಕೆ ಇಟ್ಟ ಕೂಡಲೇ ಮ್ಯಾನೇಜರ್ ಫು ಕಾಯ್ ಬಣ್ಣದ ಕೋಣೆಯೊಳಕ್ಕೆ ಬಂದ. ವೇಷದ ಪೆಟ್ಟಿಗೆ ನೋಡಿಕೊಳ್ಳುವ ಸೂಯುನ್ ತಲೆ ಎತ್ತಿದಳು. ಅಷ್ಟು ಹೊತ್ತಿನಿಂದಲೂ ಬಾಗಿಲ ಸಂದಿಯಲ್ಲಿ ಅವನ ಬೂಟು ಅವಳಿಗೆ ಕಾಣುತ್ತಿತ್ತು.

ಕೆಂಪು ಮುಖದ ಗುವಾನ್ ದೇವರ ವೇಷಕ್ಕೆ ಆ ಚುಕ್ಕೆಯೇ ಕೊನೆಯದು. ಅದನ್ನಿಟ್ಟ ಮೇಲೆ ರಂಗಕ್ಕೆ ಹೋಗುವವರೆಗೆ ವೇಷಧಾರಿ ಒಂದು ಮಾತೂ ಆಡುವಂತಿಲ್ಲ. ಗುವಾನ್ ದೇವರ ಹುಟ್ಟೂರಾದ ಯುನ್‌ಚೆಂಗ್ ಸೀಮೆಯಲ್ಲಿ ಇದು ಮಕ್ಕಳಿಗೂ ಗೊತ್ತು.

"ಮೇಷ್ಟ್ರೇ, ಒಂದು ಸಣ್ಣ ಬದಲಾವಣೆ," ಎಂದ ಫು ಕಾಯ್. "ಇವತ್ತು ಲೈವ್ ಇದೆ ನೋಡಿ, ಫೋನಲ್ಲಿ ನೋಡೋರೇ ಜಾಸ್ತಿ. ಹಿಮ್ಮೇಳದೋರನ್ನ ಮನೆಗೆ ಕಳಿಸ್ಬಿಟ್ಟೆ. ಪ್ರಾಂತ್ಯದ ತಂಡದ ಹುಡುಗ ಹಾಡಿರೋ ರೆಕಾರ್ಡ್ ಹಾಕ್ತೀವಿ. ನೀವು ಸುಮ್ನೆ ತುಟಿ ಆಡ್ಸಿದ್ರೆ ಆಯ್ತು. ಗಂಟಲಿಗೂ ಸ್ವಲ್ಪ ರೆಸ್ಟು."

ಮೇಷ್ಟ್ರ ಬೆರಳುಗಳ ನಡುವೆ ಕುಂಚ ಲಟಕ್ಕೆಂದು ಮುರಿಯಿತು. ಗುವಾನ್ ದೇವರು ಹಾಡುವ ಪದದ ಹಳೆಯ ಮಟ್ಟು ತಿಳಿದವರು ಸೀಮೆಯಲ್ಲಿ ಅವರೊಬ್ಬರೇ. ಅದನ್ನು ಹಾಡಲೆಂದೇ ಎರಡು ವಾರದಿಂದ ತಣ್ಣೀರು ಮುಟ್ಟಿರಲಿಲ್ಲ.

"ಬೇಡ ಅನ್ಲಿಲ್ವಲ್ಲ, ಒಪ್ಕೊಂಡ ಹಾಗಾಯ್ತು," ಎಂದು ಅವನು ನಕ್ಕ.

"ಬಾಯಿ ಕಟ್ಟಿದೋರ ಹತ್ರ ಒಪ್ಪಿಗೆ ಕೇಳ್ತೀಯಲ್ಲ, ನಾಚ್ಕೆ ಆಗಲ್ವೇನೋ ನಿನಗೆ?" ಸೂಯುನ್ ಮೊದಲ ಸಲ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದಳು. "ಬೆಳಿಗ್ಗೆ ಹೇಳೋಕೆ ಏನಾಗಿತ್ತು?"

"ಬೆಳಿಗ್ಗೆ ಹೇಳಿದ್ರೆ ಇವರು ನನ್ನ ಬಿಡ್ತಿದ್ರಾ, ಅಕ್ಕ? ನಮ್ಮಜ್ಜನ ತನಕ ಬೈಸ್ಕೋಬೇಕಾಗಿತ್ತು. ಮೂವತ್ತು ಜನ ಮುದುಕರು ನೋಡೋ ಆಟಾನ ಇವತ್ತು ಮೂವತ್ತು ಸಾವಿರ ಜನ ನೋಡ್ತಾರೆ. ಇದನ್ನ ಉಳಿಸ್ತಿರೋನು ನಾನು, ನೆನಪಿರ್ಲಿ."

ಅಷ್ಟು ಹೇಳಿ ಅವನು ಹೊರಟುಹೋದ. ಅವಳು ಮೇಷ್ಟ್ರ ಕಿವಿಗಳಿಗೆ ಗಡ್ಡದ ತಂತಿ ಸಿಕ್ಕಿಸಿದಳು. ಕನ್ನಡಿಯಲ್ಲಿ ಅವರ ಕಣ್ಣು ನೋಡಲು ಧೈರ್ಯವಾಗಲಿಲ್ಲ.

ಸೂಯುನ್ ಹಗ್ಗ ಎಳೆದಳು, ಪರದೆ ಸರಿಯಿತು. ಸ್ಪೀಕರ್ ಪೆಟ್ಟಿಗೆಗಳಿಂದ ಎಳೆಯ ಗಂಟಲೊಂದು ಹಾಡತೊಡಗಿತು. ಗುವಾನ್ ದೇವರ ಗಡ್ಡ ಬಾಯಿ ಮುಚ್ಚಿ ಸೊಂಟದವರೆಗೆ ಇಳಿಯುತ್ತದೆ. ಅದರ ಹಿಂದೆ ಹಾಡುತ್ತಿರುವವರು ಯಾರೆಂದು ಕ್ಯಾಮೆರಾಕ್ಕೂ ತಿಳಿಯದು. ಫು ಕಾಯ್ ನಂಬಿದ್ದು ಅದನ್ನೇ.

ಮೇಷ್ಟ್ರು ತಾಳ ತಪ್ಪದೆ ರಂಗದ ಅಂಚಿಗೆ ಬಂದರು. ಎಡಗೈಯಿಂದ ಗಡ್ಡವನ್ನು ಪೂರ್ತಿ ಒಟ್ಟುಮಾಡಿ, ನಿಧಾನವಾಗಿ ಎತ್ತಿ, ಭುಜದ ಮೇಲೆ ಹಿಡಿದರು. ಹಾಡು ಮೇಲಿನ ಸ್ವರಕ್ಕೆ ಏರುತ್ತಿತ್ತು. ಅವರ ತುಟಿಗಳು ಹೊಲಿದಂತೆ ಮುಚ್ಚಿದ್ದವು.

ಮುಂದಿನ ಬೆಂಚುಗಳಲ್ಲಿ ಗುಜುಗುಜು ಎದ್ದಿತು. "ಯಾರ್ರೀ ಹಾಡ್ತಿರೋದು?" ಎಂದು ಯಾರೋ ಕೂಗಿದರು.

"ಪರದೆ ಎಳಿ! ಎಳಿಯಮ್ಮಾ!" ಫು ಕಾಯ್ ಪಕ್ಕದಿಂದ ಕಿರುಚಿದ. ಹಗ್ಗ ಸೂಯುನ್‌ಳ ಕೈಯಲ್ಲಿತ್ತು. ಅವಳು ಅದನ್ನು ಕಂಬಕ್ಕೆ ಸುತ್ತಿ, ಒಂದು ಗಂಟು ಹಾಕಿ, ಅದರ ಮೇಲೆ ಇನ್ನೊಂದು ಹಾಕಿದಳು.

ಅವನೇ ಓಡಿಹೋಗಿ ಸ್ಪೀಕರಿನ ತಂತಿ ಕಿತ್ತ. ಹಾಡು ಅರ್ಧ ಶಬ್ದದಲ್ಲಿ ಸತ್ತಿತು. ಮೇಷ್ಟ್ರು ಕದಲಲಿಲ್ಲ.

ಆ ನಿಶ್ಶಬ್ದದಲ್ಲಿ, ಮನೆಗೆ ಹೋಗೆಂದರೂ ಹೋಗದೆ ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಹಿಮ್ಮೇಳದ ಮದ್ದಳೆಗಾರ ಹೌ ಎದ್ದು ನಿಂತು, ಬೈಗುಳ ಬೈಯುವ ದನಿಯಲ್ಲಿ "ಭಲೇ!" ಎಂದ.