ಖಾಲಿ ಬಿಟ್ಟ ಖಾನೆ

ತೀರಿಹೋದವರನ್ನು ಮಾತಾಡಿಸುವ ಕಚೇರಿಯಲ್ಲಿ ಎಂದಿನಂತೆ ಸಾಲು ಉದ್ದವಿತ್ತು. ಚನ್ನವ್ವ ಗಂಡನ ಊರು, ಓಣಿ, ತೀರಿಕೊಂಡ ದಿನ ಎಲ್ಲವನ್ನೂ ಮೈಕಿನಲ್ಲಿ ಹೇಳಿದಳು. ಕಂಪ್ಯೂಟರಿನ ಪರದೆಯ ಮೇಲೆ ಯಾರೂ ಬರಲಿಲ್ಲ.

"ಅಲ್ಲೂ ಇಲ್ಲೇನವ್ವ ಅವರು?" ಎಂದಳು.

ಗುಮಾಸ್ತೆ ಶಾಂತಲಾ ಪರದೆಯತ್ತ ಬಾಗಿದಳು. "ಇರ್ತಾರ ಬಿಡು, ಯವ್ವ. ಹೆಸರಿನ ಖಾನೆ ಖಾಲಿ ಬಿಟ್ಟೀಯಲ್ಲ, ಇದು ಹೆಸರೇ ಇಲ್ಲದವರನ್ನ ಹುಡುಕಾಕ್ಹತ್ತೈತಿ. ಹೆಸರು ಹೇಳು."

"ಗಂಡನ ಹೆಸರು ಹೆಂಗ ಹೇಳಲಿ, ತಂಗಿ? ಬಾಳೆಲ್ಲ 'ರೀ' ಅಂತ ಕರದಾಕಿ ನಾ."

"ಹಂಗಾದ್ರ ಈ ಡಬ್ಬಿನೂ ಸುಮ್ಮನ ಕುಂದರತೈತಿ."

ಚನ್ನವ್ವ ತಲೆಯ ಮೇಲೆ ಸೆರಗೆಳೆದುಕೊಂಡು, ಮೈಕಿನ ಹತ್ತಿರ ಬಾಗಿ, "ಗುರುಬಸಪ್ಪ" ಎಂದಳು.

ಒಳಗಿನಿಂದ ಪರಿಚಿತ ಕೆಮ್ಮು ಕೇಳಿತು.

"ಯಾರವ್ವ? ದನಿ ನನ್ನ ಹೇಣ್ತೀದು ಇದ್ದಂಗೈತಿ. ಆದ್ರ ಆಕಿ ಹೆಸರು ಹಿಡಿದು ಕರಿಯಾಕಿ ಅಲ್ಲ."

"ರೀ," ಎಂದಳು ಚನ್ನವ್ವ, "ನಾನರೀ."